ನಮ್ಮ ಹಿತ್ಲು ಬಳಗಕ್ಕೆ ಪದೇ ಪದೇ ಬರೋ ಪ್ರಶ್ನೆಗಳು: ಸಿರ್ಸಿ ಮಳೆ, ಡೇರೆ, ಬೀಜ

ಮೀಟಿಂಗ್ ಮುಗಿಸಿ ಚಾ ಕುಡಿಯೋ ಹೊತ್ತಲ್ಲಿ, ಮದುವೆ ಮನೇಲಿ ಊಟದ ಪಂಕ್ತೀಲಿ, ಸಂತೇಲಿ ಚೀಲ ಹಿಡ್ಕೊಂಡು ನಿಂತಾಗ, ಮತ್ತೆ ವಾಟ್ಸಾಪಲ್ಲಿ ಒಣಗಿದ ಎಲೆ ಫೋಟೋ ಜೊತೆ, ಜನ ನಮ್ಮನ್ನ ಕೇಳಿದ್ದನ್ನೇ ಇಲ್ಲಿ ಅವರ ಮಾತಲ್ಲೇ ಬರೆದಿದ್ದೀನಿ. ಉತ್ತರ ನಮ್ಮ ಬಳಗದ ಹಿತ್ಲುಗಳಲ್ಲಿ ಮಾಡಿ ನೋಡಿದ್ದು. ಹೊಸಬರು ಮೇಲಿಂದ ಓದ್ಕೊಂಡು ಬನ್ನಿ, ಕೈ ಪಳಗಿದವರು ಸೀದಾ ಕೊನೇ ಭಾಗಕ್ಕೆ ಹೋಗಬಹುದು.

## ಮೊದಲ ಸಲ ಬರೋರಿಗೆ

ನಿಮ್ಮ ಬಳಗಕ್ಕೆ ಸೇರ್ಬೇಕಂದ್ರೆ ಏನ್ ಮಾಡ್ಬೇಕು, ಫೀಸ್ ಎಷ್ಟು?

ಫೀಸ್ ಇಲ್ಲ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನದ ಮೇಲೆ ಯಾರಾದ್ರೂ ಒಬ್ಬರ ಮನೇಲಿ ಸೇರ್ತೀವಿ, ಬರುವಾಗ ಒಂದು ಸಸಿನೋ ಗೆಡ್ಡೆನೋ ಒಂದು ಚಿಟಿಕೆ ಬೀಜನೋ ತಂದ್ರೆ ಸಾಕು, ಅದೂ ಇಲ್ಲ ಅಂದ್ರೆ ಬರಿಗೈಯಲ್ಲೇ ಬನ್ನಿ, ಹೋಗುವಾಗ ನಿಮ್ಮ ಕೈ ತುಂಬಿರತ್ತೆ. ಮೊದಲು ಆ ಮನೆಯವರ ಹಿತ್ಲು ಸುತ್ತಿ ನೋಡೋದು, ಆಮೇಲೆ ಕೂತು ಮಾತು. ಮೇ ತಿಂಗಳಲ್ಲಿ ಬೀಜ ಹಂಚೋ ಮೀಟಿಂಗ್, ಮಳೆ ಇಳಿಯೋ ಹೊತ್ತಿಗೆ ಡೇರೆ (ಡಾಲಿಯಾ) ಹೂವಿನ ಪ್ರದರ್ಶನ, ದೀಪಾವಳಿ ಕಳೆದ ಮೇಲೆ ಚಳಿಗಾಲದ ತರಕಾರಿ ಸಸಿ. ಇದರ ಜೊತೆ ಮುಯ್ಯಾಳು ಪದ್ಧತಿನೂ ಇಟ್ಕೊಂಡಿದ್ದೀವಿ. ಚಪ್ಪರ ಹಾಕೋದು, ಮಣ್ಣು ಏರಿಸೋದು ಒಬ್ಬರಿಂದ ಆಗೋ ಕೆಲಸ ಅಲ್ಲ, ಈ ವಾರ ನಾಲ್ಕು ಜನ ನಿಮ್ಮನೆಗೆ ಬಂದ್ರೆ ಮುಂದಿನ ವಾರ ನೀವು ಅವರ ಮನೆಗೆ.

ನಮ್ದು ಪ್ಯಾಟೇಲಿ ಬಾಡಿಗೆ ಮನೆ, ಟೆರೇಸ್ ಮಾತ್ರ ಇರೋದು. ನಾನು ಬಂದು ಪ್ರಯೋಜನ ಉಂಟಾ?

ಉಂಟು. ಬಸಳೆ, ಹರಿವೆ, ಮೆಣಸು, ಬದನೆ, ಡೇರೆ ಎಲ್ಲಾ ಕುಂಡದಲ್ಲಿ, ಹಳೇ ಬಕೆಟಲ್ಲಿ ಚೊಲೋ ಬರತ್ತೆ. ಮಣ್ಣು ಒಂದು ಪಾಲು, ಹಳೇ ಸಗಣಿ ಗೊಬ್ಬರ ಒಂದು ಪಾಲು, ಉಸುಕು ಅರ್ಧ ಪಾಲು. ಬಕೆಟ್ ಅಡಿಗೆ ಒಂದಲ್ಲ, ಐದಾರು ತೂತು ಹಾಕಿ, ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿ. ತೂತು ನೆಲಕ್ಕೆ ಒತ್ತಿಕೊಂಡಿದ್ರೆ ನೀರು ಇಳಿಯಲ್ಲ, ನಮ್ಮ ಕಡೆ ಕುಂಡದ ಗಿಡ ಸಾಯೋದು ಒಣಗಿ ಅಲ್ಲ, ಕೊಳೆತು. ಮಾಲೀಕರ ಹತ್ರ ಮೊದಲೇ ಕೇಳಿ, ಹಸಿ ಮಣ್ಣಿನ ತೂಕ ತುಂಬಾ ಇರತ್ತೆ, ಭಾರದ ಕುಂಡ ಎಲ್ಲಾ ಗೋಡೆ ಬದೀಲೇ ಇಡಿ.

ನಮ್ಮನೆ ಮಣ್ಣು ಬರೀ ಚಿರೆಕಲ್ಲು ಪುಡಿ, ಏನೂ ಏಳಲ್ಲ. ಲೋಡ್ ಮಣ್ಣು ಹಾಕಿಸ್ಲಾ?

ದುಡ್ಡು ಹಾಕೋ ಮೊದಲು ಒಂದು ವರ್ಷ ಸೊಪ್ಪು ಹಾಕಿ ನೋಡಿ. ಸಿರ್ಸೀಲಿ ವರ್ಷಕ್ಕೆ ಹತ್ತಿರ ಹತ್ತಿರ 2500 ಮಿಲಿಮೀಟರ್ ಮಳೆ, ಅದರಲ್ಲೂ ಹೆಚ್ಚಿನದು ಜೂನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ನೀರು ಮೇಲಿಂದ ಇಳಿದಾಗ ಮಣ್ಣಿನ ಸತ್ವ, ಸುಣ್ಣದ ಅಂಶ ಎಲ್ಲಾ ತೊಳೆದು ಹೋಗತ್ತೆ, ಮಣ್ಣು ಹುಳಿಯಾಗತ್ತೆ. ನೀವು ಹೊರಗಿಂದ ತಂದು ಹಾಕೋ ಮಣ್ಣಿಗೂ ಮಳೆ ಇದನ್ನೇ ಮಾಡತ್ತೆ. ನಮ್ಮ ಹಿರಿಯರು ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಅಂತ ಇಟ್ಕೊಂಡು ವರ್ಷಾ ವರ್ಷಾ ಸೊಪ್ಪು, ದರಕು (ಉದುರಿದ ಒಣ ಎಲೆ) ತಂದು ಮುಚ್ಚಿದ್ದು ಸುಮ್ನೆ ಅಲ್ಲ. ಹಿತ್ಲಿಗೂ ಅದೇ ದಾರಿ: ದರಕು, ಸಗಣಿ, ಅಡುಗೆ ಮನೆ ಕಸ, ಚೆನ್ನಾಗಿ ಕಳಿತ ಅಡಿಕೆ ಸಿಪ್ಪೆ. ಹೊಸ ಸಿಪ್ಪೆ ಹಾಕ್ಬೇಡಿ, ಅದು ಕಳಿಯೋಕೆ ತುಂಬಾ ಟೈಮ್ ತಗೊಳತ್ತೆ. ಬೇಸಿಗೇಲಿ ಸ್ವಲ್ಪ ಸುಣ್ಣ ಹಾಕಿ ಮಣ್ಣಿಗೆ ಬೆರೆಸಿ, ಆದ್ರೆ ಅದೇ ದಿನ ಗೊಬ್ಬರ ಹಾಕ್ಬೇಡಿ, ಎರಡು ಮೂರು ವಾರ ಬಿಟ್ಟು ಹಾಕಿ. ಮಣ್ಣು ಪರೀಕ್ಷೆ ಬೇಕಂದ್ರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ದರಕು ತರೋಕೆ ಬೆಟ್ಟಕ್ಕೆ ಹೋದ್ರೆ ಉಣ್ಣಿ ಭಯ ಇಲ್ವಾ ಅಕ್ಕಾ?

ಇದೆ, ಇದನ್ನ ಹಗುರ ಮಾಡ್ಬೇಡಿ. ಉಣ್ಣಿ ಕಚ್ಚಿ ಹರಡೋ ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ನಮ್ಮ ಜಿಲ್ಲೇಲೂ ಸಿದ್ದಾಪುರ, ಹೊನ್ನಾವರ ಕಡೆ ಬಂದಿದೆ. ಜಾಸ್ತಿ ಬರೋದು ಡಿಸೆಂಬರಿಂದ ಮೇ ಒಳಗೆ, ಅಂದ್ರೆ ಸರಿಯಾಗಿ ನಾವು ದರಕು ಗುಡಿಸೋ ಕಾಲದಲ್ಲೇ. ಉದ್ದ ತೋಳಿನ ಅಂಗಿ, ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸಿ, ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆ ಕೈ ಕಾಲಿಗೆ ಹಚ್ಕೊಂಡೇ ಹೋಗಿ, ಬಂದ ಕೂಡ್ಲೇ ಬಿಸಿ ನೀರಲ್ಲಿ ಸ್ನಾನ, ಬಟ್ಟೆ ಬಿಸಿ ನೀರಿಗೆ. ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದ್ರೆ ಹತ್ತಿರ ಹೋಗ್ಬೇಡಿ, ಆಸ್ಪತ್ರೆಗೆ ತಿಳಿಸಿ, ಆ ವರ್ಷ ಆ ಬೆಟ್ಟದ ದರಕೇ ಬೇಡ. ಮನೆ ಅಂಗಳದ ಹಲಸು, ಮಾವಿನ ಎಲೆ ಗುಡಿಸಿ ಸುಡ್ತೀರಲ್ಲ, ಸುಡೋದು ಬಿಟ್ರೆ ಸಣ್ಣ ಹಿತ್ಲಿಗೆ ಅದೇ ಸಾಕಾಗತ್ತೆ.

## ಮಳೆಗಾಲ

ಮಳೆಗಾಲದ ತರಕಾರಿ ಬೀಜ ಯಾವಾಗ ಹಾಕೋದು? ಮಳೆ ಹಿಡಿದ ಮೇಲಲ್ವಾ?

ಮಳೆ ಹಿಡಿಯೋ ಮೊದಲೇ ಹಾಕ್ಬೇಕು. ಹೊಸಬರು ಸೋಲೋದು ಹೆಚ್ಚಾಗಿ ಇಲ್ಲೇ. ಮೇ ಕೊನೇ ವಾರ, ರೋಹಿಣಿ ಮಳೆ ನಾಲ್ಕು ಹನಿ ಬಿದ್ದು ಮಣ್ಣು ಮೆತ್ತಗಾದಾಗ ಸೌತೆ, ಮೊಗೆ (ಮಂಗಳೂರು ಸೌತೆ), ಹೀರೆ, ಪಡುವಲ, ಹಾಗಲ, ಬೆಂಡೆ, ಅಲಸಂದೆ ಬೀಜ ಮಣ್ಣಿಗೆ ಬೀಳ್ಬೇಕು, ಮೃಗಶಿರಕ್ಕೆ ನಾಲ್ಕೆಲೆ ಬರ್ಬೇಕು, ಆರಿದ್ರೆ ಹೊಯ್ಯೋಕೆ ಶುರು ಮಾಡೋ ಹೊತ್ತಿಗೆ ಬಳ್ಳಿ ಚಪ್ಪರದ ಕಂಬ ಹಿಡಿದಿರ್ಬೇಕು. ಜುಲೈಯ ಮಳೇಲಿ ಎರಡೆಲೆ ಸಸಿ ನಿಲ್ಲಲ್ಲ, ಹನಿ ಹೊಡೆತಕ್ಕೇ ಮಣ್ಣಲ್ಲಿ ಮಲಗತ್ತೆ. ಮೇ ತಿಂಗಳಲ್ಲಿ ನೀರಿಲ್ಲ ಅನ್ನೋರು ತೆಂಗಿನ ಚಿಪ್ಪಲ್ಲಿ ಅಡಿಗೆ ತೂತು ಮಾಡಿ ಜಗುಲಿ ಬದೀಲಿ ಸಸಿ ಮಾಡ್ಕೊಳ್ಳಿ, ಒಂದು ಚೊಂಬು ನೀರಿಗೆ ಇಪ್ಪತ್ತು ಸಸಿ ಏಳತ್ತೆ. ಚಪ್ಪರನೂ ಅಷ್ಟರೊಳಗೆ ಆಗಿರ್ಲಿ, ಅಡಿಕೆ ದಬ್ಬೆ ಇದ್ರೆ ಬೇರೆ ಏನೂ ಬೇಡ.

ಜುಲೈಲಿ ಗಿಡ ಹಳದಿಯಾಗಿ ಬಾಡತ್ತೆ, ಗೊಬ್ಬರ ಹಾಕಿದ್ರೂ ಸುಧಾರಿಸಲ್ಲ. ಏನು ಔಷಧಿ?

ಔಷಧಿ ಬೇಡ, ಹಾರೆ ತಗೊಳ್ಳಿ. ಬೇರು ನೀರಲ್ಲಿ ಕೂತಿದೆ, ಅದಕ್ಕೆ ಉಸಿರಾಟ ಇಲ್ಲ, ಉಸಿರಾಡದ ಬೇರು ಗೊಬ್ಬರ ಎಳ್ಕೊಳಲ್ಲ. ಗಿಡದಿಂದ ಒಂದು ಮೊಳ ದೂರದಲ್ಲಿ ಒಂದಡಿ ಆಳ ಕಾಲುವೆ ತೆಗೆದು ನೀರು ಇಳಿಜಾರಿಗೆ ಬಿಡಿ, ತೆಗೆದ ಮಣ್ಣನ್ನ ಬುಡಕ್ಕೆ ಏರಿಸಿ. ಮುಂದಿನ ವರ್ಷ ಮೊದಲೇ ಮುಕ್ಕಾಲು ಅಡಿ ಎತ್ತರದ ಏರಿ ಮಾಡಿ ಅದರ ಮೇಲೇ ಬೀಜ ಹಾಕಿ. ಮಳೆ ಜೋರಿರೋ ದಿನ ಒಂದು ಸಲ ಕೊಡೆ ಹಿಡ್ಕೊಂಡು ಹಿತ್ಲು ಸುತ್ತಿ, ನೀರು ಎಲ್ಲಿ ನಿಲ್ಲತ್ತೆ ಎಲ್ಲಿ ಓಡತ್ತೆ ಅಂತ ಕಣ್ಣಲ್ಲೇ ನೋಡಿ. ನೀರು ನಿಲ್ಲೋ ಜಾಗದಲ್ಲಿ ಕೆಸು ಹಾಕಿ, ಅದಕ್ಕೆ ಅದೇ ಇಷ್ಟ.

ಸಿಹಿಗುಂಬಳ, ಮೊಗೆ ಬಳ್ಳೀಲಿ ರಾಶಿ ಹೂ, ಒಂದೂ ಕಾಯಿ ಕಚ್ಚಲ್ಲ. ದೃಷ್ಟಿ ಆಗಿದ್ಯಾ?

ದೃಷ್ಟಿ ಅಲ್ಲ. ಮೊದಲು ಬರೋದೆಲ್ಲ ಗಂಡು ಹೂವೇ, ಒಂದೆರಡು ವಾರ ಕಾಯಿರಿ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇರತ್ತೆ, ಗಂಡು ಹೂವಿಗೆ ಬರೀ ತೊಟ್ಟು. ಹೆಣ್ಣು ಹೂ ಬಂದ ಮೇಲೂ ಕಾಯಿ ಹಳದಿಯಾಗಿ ಉದುರ್ತಿದ್ರೆ ಜೇನು ಬರ್ತಿಲ್ಲ ಅಂತ ಅರ್ಥ, ಎಡೆಬಿಡದ ಮಳೇಲಿ ಜೇನು ಗೂಡು ಬಿಟ್ಟು ಹೊರಡಲ್ಲ. ಆಗ ಆ ಕೆಲಸ ನಾವು ಮಾಡ್ಬೇಕು. ಹಿಂದಿನ ದಿನ ಸಂಜೆ, ನಾಳೆ ಅರಳೋ ಮೊಗ್ಗು ನೋಡಿ (ತುದಿ ಹಳದಿಯಾಗಿ ಉಬ್ಬಿರತ್ತೆ) ಒಂದು ಗಂಡಿಗೂ ಒಂದು ಹೆಣ್ಣಿಗೂ ಅಡಿಕೆ ಹಾಳೆ ತುಂಡನ್ನ ಕೊಡೆ ಥರ ಕಟ್ಟಿ, ಪರಾಗ ಒದ್ದೆಯಾದ್ರೆ ಕೆಲಸಕ್ಕೆ ಬರಲ್ಲ. ಬೆಳಿಗ್ಗೆ ಎಂಟು ಗಂಟೆ ಒಳಗೆ ಗಂಡು ಹೂ ಕಿತ್ತು, ಪಕಳೆ ಬಿಡಿಸಿ, ಒಳಗಿನ ಹಳದಿ ಪುಡಿಯ ಕಡ್ಡೀನ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತಾಗಿಸಿ, ಮತ್ತೆ ಹಾಳೆ ಕಟ್ಟಿ. ನಾಲ್ಕು ದಿನಕ್ಕೆ ಕಾಯಿ ಹಿಗ್ಗೋದು ಕಾಣತ್ತೆ. ಹೀರೆ, ಸೋರೆಗೆ ಬೆಳಿಗ್ಗೆ ಹೋಗಿ ಪ್ರಯೋಜನ ಇಲ್ಲ, ಅವು ಅರಳೋದೇ ಸಂಜೆ. ಚೌತಿಗೆ ಗಣಪತಿ ಮೇಲೆ ತೂಗೋ ಫಲಾವಳಿ ಕಟ್ಟೋಕೆ ಹಿತ್ಲಿನ ಕಾಯಿಗಳೇ ಬೇಕು ಅನ್ನೋರು ಜುಲೈಲೇ ಇದನ್ನ ಶುರು ಮಾಡಿ.

ರಾತ್ರಿ ಬೆಳಗಾಗೋದ್ರೊಳಗೆ ಸಸಿ ಎಲ್ಲಾ ಬೋಳು. ದೊಡ್ಡ ಬಸವನಹುಳ. ಉಪ್ಪು ಹಾಕ್ಲಾ?

ಉಪ್ಪು ಮಣ್ಣಿಗೆ ಬೇಡ, ಗಿಡಕ್ಕೂ ಕೆಡಕು. ಅದು ಆಫ್ರಿಕಾದ ದೈತ್ಯ ಬಸವನಹುಳ, ಊರಿನದ್ದಲ್ಲ. ಸಂಜೆ ಒದ್ದೆ ಗೋಣಿಚೀಲ ಹಾಸಿ ಅದರಡಿ ಪಪ್ಪಾಯಿ ಎಲೆ, ಕೋಸಿನ ಎಲೆ ಇಡಿ, ಬೆಳಿಗ್ಗೆ ಅಲ್ಲೇ ಗುಂಪಾಗಿ ಸಿಗತ್ತೆ. ಬಕೆಟಲ್ಲಿ ಗಟ್ಟಿ ಉಪ್ಪುನೀರು ಮಾಡಿ ಅದಕ್ಕೆ ಹಾಕಿ, ಆಮೇಲೆ ಹಿತ್ಲಿಂದ ದೂರ ಹುಗಿಯಿರಿ. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರಿಗೆ ಬರೋ ಪರೋಪಜೀವಿ ಅದರಲ್ಲಿರಬಹುದು, ಸೊಪ್ಪನ್ನೂ ಚೆನ್ನಾಗಿ ತೊಳೆದೇ ಅಡುಗೆ ಮಾಡಿ. ಅಂಗಡೀಲಿ ಸಿಗೋ ಮೆಟಾಲ್ಡಿಹೈಡ್ ಗುಳಿಗೆ ನಾಯಿ ತಿಂದ್ರೆ ಸಾಯತ್ತೆ, ನಾಯಿ ಇರೋ ಮನೇಲಿ ಅದು ಬೇಡವೇ ಬೇಡ. ಒಬ್ಬರ ಮನೇಲಿ ಆರಿಸಿದ್ರೆ ಸಾಲಲ್ಲ, ಕೇರಿಯವರೆಲ್ಲ ಒಂದೇ ವಾರ ಮಾಡ್ಬೇಕು.

ಮಂಗನ ಕಾಟಕ್ಕೆ ಏನಾದ್ರೂ ಉಂಟಾ?

ಪೂರ್ತಿ ಪರಿಹಾರ ನಮ್ಮ ಹತ್ರ ಇಲ್ಲ. ನಾಯಿ, ಬಲೆ, ಮನುಷ್ಯರ ಓಡಾಟ, ಇಷ್ಟೇ. ಸುವರ್ಣಗಡ್ಡೆ, ಅರಿಶಿನ, ಶುಂಠಿ ಹೆಚ್ಚು ಹಾಕಿ, ನಮ್ಮ ಅನುಭವದಲ್ಲಿ ಮಂಗ ಇವುಗಳ ತಂಟೆಗೆ ಬರೋದು ಕಮ್ಮಿ. ಬೇಲಿಗೆ ಮನೆ ಕರೆಂಟ್ ಕೊಡೋದು ಮಾತ್ರ ಯಾವತ್ತೂ ಮಾಡ್ಬೇಡಿ, ಮನುಷ್ಯರ ಜೀವ ಹೋಗತ್ತೆ, ಕಾನೂನಲ್ಲಿ ಅಪರಾಧನೂ ಹೌದು.

## ಡೇರೆ

ಡೇರೆ ಗೆಡ್ಡೆ ಹಾಕಿ ತಿಂಗಳಾಯ್ತು, ಚಿಗುರೇ ಇಲ್ಲ. ಗೆಡ್ಡೆ ನೋಡಿದ್ರೆ ಗಟ್ಟಿ ಉಂಟು.

ನಿಮ್ಮ ಗೆಡ್ಡೆಗೆ ಕಣ್ಣಿಲ್ಲ. ಬಟಾಟೆಗೆ ಮೈ ತುಂಬಾ ಕಣ್ಣು, ಡೇರೆಗೆ ಹಾಗಲ್ಲ, ಹಳೇ ಕಾಂಡ ಮತ್ತೆ ಗೆಡ್ಡೆ ಸೇರೋ ಕುತ್ತಿಗೆ ಜಾಗದಲ್ಲಿ ಮಾತ್ರ ಕಣ್ಣಿರತ್ತೆ. ಗೊಂಚಲು ಬಿಡಿಸುವಾಗ ಕೈಯಲ್ಲಿ ಮುರಿದ್ರೆ ಕುತ್ತಿಗೆ ತಾಯಿ ಹತ್ರನೇ ಉಳಿಯತ್ತೆ, ನಿಮಗೆ ಸಿಗೋದು ಬರೀ ಗೆಡ್ಡೆ, ಅದು ಮಣ್ಣಲ್ಲಿ ತಿಂಗಳುಗಟ್ಟಲೆ ಗಟ್ಟಿಯಾಗೇ ಇದ್ರೂ ಚಿಗುರಲ್ಲ. ಹರಿತ ಚಾಕೂಲಿ, ಪ್ರತಿ ಗೆಡ್ಡೆಗೂ ಒಂದು ತುಂಡು ಕುತ್ತಿಗೆ ಬರೋ ಹಾಗೆ ಕೊಯ್ಯಿರಿ, ಕೊಯ್ದ ಜಾಗಕ್ಕೆ ಬೂದಿ ಹಚ್ಚಿ ಎರಡು ದಿನ ನೆರಳಲ್ಲಿ ಆರಿಸಿ. ಕಣ್ಣು ಕಾಣದೇ ಇದ್ರೆ ಸ್ವಲ್ಪ ಹಸಿ ಉಸುಕಲ್ಲಿ ಒಂದೆರಡು ವಾರ ಇಟ್ಟು, ಕೆಂಪು ಮೊಳಕೆ ಏಳಿಸ್ಕೊಂಡು ಆಮೇಲೆ ಕೊಯ್ಯಿರಿ.

ಪ್ರದರ್ಶನಕ್ಕೆ ತರೋರ ಡೇರೆ ತಟ್ಟೆಯಷ್ಟು ಅಗಲ, ನಮ್ದು ಚಹಾ ಕಪ್ಪಷ್ಟು. ಏನು ಹಾಕ್ತೀರಿ ಅವಕ್ಕೆ?

ಮೊದಲು ಜಾತಿ ನೋಡಿ, ಸಣ್ಣ ಹೂವಿನ ಜಾತಿ ಎಷ್ಟು ಮಾಡಿದ್ರೂ ಸಣ್ಣದೇ. ದೊಡ್ಡ ಜಾತಿನೇ ಹೌದಾದ್ರೆ ಹಾಕೋದಕ್ಕಿಂತ ತೆಗೆಯೋದು ಮುಖ್ಯ. ನಾಲ್ಕೈದು ಜೊತೆ ಎಲೆ ಬಂದಾಗ ತುದಿ ಚಿವುಟಿ, ಪಕ್ಕದಿಂದ ಬಂದ ಚಿಗುರಲ್ಲಿ ನಾಲ್ಕು ಮಾತ್ರ ಬಿಡಿ. ಚಿವುಟಿದ ತುದಿ ಎಸೀಬೇಡಿ, ಹಸಿ ಉಸುಕಲ್ಲಿ ನೆಟ್ಟು ನೆರಳಲ್ಲಿಟ್ರೆ ಎರಡು ಮೂರು ವಾರಕ್ಕೆ ಬೇರು ಬಿಡತ್ತೆ, ಬಳಗದಲ್ಲಿ ಹಂಚೋ ಸಸಿ ಹೆಚ್ಚಾಗಿ ಹೀಗೇ ಮಾಡಿದ್ದು. ಆಮೇಲೆ ಮೊಗ್ಗು ಮೂರು ಮೂರಾಗಿ ಬರತ್ತೆ, ನಡುವಿಂದು ಬಿಟ್ಟು ಪಕ್ಕದ ಎರಡನ್ನ ಕಾಳಿನಷ್ಟಿರೋವಾಗಲೇ ಉಗುರಲ್ಲಿ ತೆಗೀರಿ, ಮನಸ್ಸು ಬರಲ್ಲ, ಆದ್ರೂ ತೆಗೀರಿ. ಆಸರೆ ಕೋಲನ್ನ ಗೆಡ್ಡೆ ನೆಡೋ ದಿನವೇ ಹುಗಿಯಿರಿ, ಗಿಡ ಬೆಳೆದ ಮೇಲೆ ಚುಚ್ಚಿದ್ರೆ ಗೆಡ್ಡೆಗೇ ತೂತು ಬಿದ್ದು ಕೊಳೆ ಅಲ್ಲಿಂದ ಶುರುವಾಗತ್ತೆ. ಹೂ ಅರಳುವಾಗ ಮೇಲೊಂದು ಪ್ಲಾಸ್ಟಿಕ್ ಮಾಡು ಬೇಕು, ದೊಡ್ಡ ಹೂ ನೀರು ತುಂಬ್ಕೊಂಡು ಕುತ್ತಿಗೆ ಮುರ್ಕೊಳತ್ತೆ. ಕೊಯ್ಯೋದು ಬೆಳಗಿನ ಜಾವ, ಪೂರ್ತಿ ಅರಳಿದ್ದನ್ನೇ. ಗುಲಾಬಿ ಥರ ಕೊಯ್ದ ಮೇಲೆ ಅರಳೋ ಹೂವಲ್ಲ ಇದು.

ಡೇರೆ ಬೀಜ ಹಾಕಿದ್ರೆ ಅದೇ ಬಣ್ಣ ಬರತ್ತಾ? ಮಳೆ ಮುಗಿದ ಮೇಲೆ ಗೆಡ್ಡೆ ಕಿತ್ತಿಡ್ಬೇಕಾ?

ಬೀಜದಿಂದ ತಾಯಿ ಬಣ್ಣ ಬರಲ್ಲ, ಒಂದೊಂದು ಸಸೀದು ಒಂದೊಂದು ಬಣ್ಣ. ಅದೇ ಬೇಕಂದ್ರೆ ಗೆಡ್ಡೆ ಅಥವಾ ತುದಿ. ಇದು ಮೆಕ್ಸಿಕೋದ ಬೆಟ್ಟದ ಗಿಡ, 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ಗೆ ಬಂತು, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಡಾಲ್ ಹೆಸರಿಂದ ಡಾಲಿಯಾ ಆಯ್ತು, ನಮ್ಮ ಬಾಯಲ್ಲಿ ಡೇರೆ. ದೀಪಾವಳಿ ಕಳೆದು ಗಿಡ ಒಣಗಿದ ಮೇಲೆ ಕಾಂಡ ಒಂದು ಗೇಣು ಬಿಟ್ಟು ಕತ್ತರಿಸಿ, ಗೊಂಚಲನ್ನ ಇಡಿಯಾಗಿ ಎಬ್ಬಿಸಿ, ನೆರಳಲ್ಲಿ ಆರಿಸಿ, ಒಣ ಉಸುಕು ಬೂದಿ ಬೆರೆಸಿದ ಮಡಕೇಲಿ ಹುಗಿದು ಅಟ್ಟದ ಮೇಲಿಡಿ. ಬಣ್ಣದ ಹೆಸರು ಚೀಟೀಲಿ ಬರೆದು ಕಟ್ಟೋಕೆ ಮರೀಬೇಡಿ, ಮೇ ತಿಂಗಳಲ್ಲಿ ಎಲ್ಲಾ ಗೆಡ್ಡೆನೂ ಒಂದೇ ಥರ ಕಾಣತ್ತೆ.

## ಚಳಿ, ಬೇಸಿಗೆ ಮತ್ತೆ ಕರಾವಳಿ

ದೀಪಾವಳಿ ಆದ್ಮೇಲೆ ಏನೇನು ಹಾಕ್ಬಹುದು?

ಬದನೆ, ಟೊಮೆಟೊ, ಮೆಣಸು, ಮೂಲಂಗಿ, ಹರಿವೆ, ಬೀನ್ಸ್, ಕೋಸು. ಬದನೆ, ಟೊಮೆಟೊ ಸಸಿಮಡಿ ಸೆಪ್ಟೆಂಬರ್ ಕೊನೇಲೇ ಮಾಡಿನ ಕೆಳಗೆ ಮಾಡ್ಕೊಂಡ್ರೆ ನವೆಂಬರಲ್ಲಿ ನೆಡೋಕೆ ಸರಿ ಬರತ್ತೆ. ಕೋಸಿಗೆ ನಮ್ಮ ಡಿಸೆಂಬರ್ ಜನವರಿ ಚಳಿ ಸಾಕು, ತಡ ಮಾಡಿದ್ರೆ ಗಡ್ಡೆ ಕಟ್ಟಲ್ಲ.

ಮಾರ್ಚಿಗೇ ಬಾವಿ ತಳ ಕಾಣತ್ತೆ. ಬೇಸಿಗೇಲಿ ಹಿತ್ಲು ಬಿಟ್ಟೇ ಬಿಡೋದಾ?

ಬಿಡ್ಬೇಡಿ, ಸಣ್ಣದು ಮಾಡಿ. ನಾಲ್ಕು ಬುಡ ಬಸಳೆ, ಎರಡು ತೊಂಡೆ, ಒಂದು ನುಗ್ಗೆ, ಒಂದು ಮಡಿ ಹರಿವೆ. ಬಚ್ಚಲ ನೀರು, ಪಾತ್ರೆ ತೊಳೆದ ನೀರು ಬಾಳೆ ಬುಡಕ್ಕೆ ಬಿಡಿ. ಉಳಿದ ಜಾಗಕ್ಕೆ ಒಂದು ಗೇಣು ದಪ್ಪ ದರಕು ಮುಚ್ಚಿ ಬಿಟ್ರೆ ಮಣ್ಣು ಮೇ ತನಕ ತಂಪಿರತ್ತೆ. ನೀರು ಬೆಳಿಗ್ಗೆ ಬುಡಕ್ಕೆ, ಎಲೆ ಮೇಲಲ್ಲ.

ನಾವು ಕಾರವಾರದವರು, ಸಮುದ್ರದ ಬದಿ ಹೊಯ್ಗೆ ಮಣ್ಣು, ಏಪ್ರಿಲಲ್ಲಿ ಬಾವಿ ನೀರೂ ಉಪ್ಪು. ಸಿರ್ಸಿ ಲೆಕ್ಕ ನಮಗೆ ನಡೆಯತ್ತಾ?

ಪೂರ್ತಿ ನಡೆಯಲ್ಲ. ಘಟ್ಟದ ಮೇಲೆ ನೀರು ಓಡಿಸೋದೇ ಕೆಲಸ, ನಿಮ್ಮಲ್ಲಿ ಹಿಡಿದಿಡೋದು. ತೆಂಗಿನ ಸಿಪ್ಪೆಯ ಒಳಮೈ ಮೇಲೆ ಬರೋ ಹಾಗೆ ಗುಂಡೀಲಿ ಸಾಲಾಗಿ ಜೋಡಿಸಿ ಮೇಲೆ ಗೊಬ್ಬರ, ಹೊಯ್ಗೆ ಹಾಕಿ ಮಡಿ ಮಾಡಿ, ಸಿಪ್ಪೆ ಬೋಗುಣಿ ಥರ ನೀರು ಹಿಡಿಯತ್ತೆ. ಗೊಬ್ಬರ ಒಂದೇ ಸಲ ಸುರೀಬೇಡಿ, ಸ್ವಲ್ಪ ಸ್ವಲ್ಪ, ಪದೇ ಪದೇ. ಗಾಳಿಗೆ ಎದುರಾಗಿ ಒಂದು ಜೀವಂತ ಬೇಲಿ ಬೇಕು. ನೀರು ಉಪ್ಪಾದಾಗ ಬೀನ್ಸ್, ಮೆಣಸಿಗೆ ಅದನ್ನ ಹೊಯ್ಯಬೇಡಿ, ಅವು ತಡೆಯಲ್ಲ, ಹರಿವೆ ಸ್ವಲ್ಪ ತಡೆಯತ್ತೆ. ಗೋಕರ್ಣ, ಅಂಕೋಲಾ ಕಡೆ ಹಾಲಕ್ಕಿ ಹೆಂಗಸರು ತರಕಾರಿ ಬೆಳೆಯೋದನ್ನ ಒಂದು ಸಲ ನಿಂತು ನೋಡಿ, ಕುಮಟಾದ ಸಿಹಿ ಈರುಳ್ಳಿ ಬೆಳೆಯೋರ ಗದ್ದೇನೂ ನೋಡಿ, ನಿಮ್ಮ ಮಣ್ಣಿಗೆ ನಮಗಿಂತ ಒಳ್ಳೇ ಗುರುಗಳು ಅವರು.

## ಕೈ ಪಳಗಿದವರಿಗೆ

ಬೀಜ ಎಷ್ಟು ಜೋಪಾನ ಮಾಡಿದ್ರೂ ಮಳೆಗಾಲದಲ್ಲಿ ಬೂಸ್ಟು ಹಿಡಿಯತ್ತೆ. ನೀವು ಹೇಗೆ ಇಡ್ತೀರಿ?

ಬಳ್ಳಿಯ ಮೊದಲ ಕಾಯಿನೂ ಬೇಡ, ಕೊನೇದೂ ಬೇಡ, ನಡುವೆ ಬಂದ ಚೊಲೋ ಗಿಡದ ಚೊಲೋ ಕಾಯಿ ಗುರುತು ಮಾಡಿ ಪೂರ್ತಿ ಹಣ್ಣಾಗೋಕೆ ಬಿಡಿ. ಸೌತೆ, ಮೊಗೆ ಬೀಜಾನ ಲೋಳೆ ಸಮೇತ ಒಂದೆರಡು ದಿನ ಹುಳಿ ಬರಿಸಿ, ತೊಳೆದು, ಮುಳುಗಿದ ಬೀಜ ಮಾತ್ರ ತಗೊಂಡು ಆರಿಸಿ. ಹಲ್ಲಲ್ಲಿ ಕಚ್ಚಿದ್ರೆ ಟಕ್ ಅನ್ಬೇಕು, ಬಾಗಿದ್ರೆ ಇನ್ನೂ ಒಣಗಿಲ್ಲ. ಆಮೇಲೆ ಜರಡಿ ಹಿಡಿದ ಬೂದಿ ಬೆರೆಸಿ ಬಿಗಿ ಮುಚ್ಚಳದ ಬಾಟ್ಲೀಲಿ. ಮೊದಲು ಒಲೆ ಮೇಲಿನ ಅಟ್ಟದ ಹೊಗೇನೇ ಬೀಜ ಕಾಯ್ತಿತ್ತು, ಗ್ಯಾಸ್ ಬಂದ ಮನೇಲಿ ಆ ಕಾವಲು ಇಲ್ಲ. ಏಪ್ರಿಲಲ್ಲಿ ಇಪ್ಪತ್ತು ಬೀಜ ಒದ್ದೆ ಬಟ್ಟೇಲಿ ಸುತ್ತಿಟ್ಟು ಎಷ್ಟು ಮೊಳೀತು ಎಣಿಸಿ, ಹತ್ತಕ್ಕಿಂತ ಕಮ್ಮಿ ಆದ್ರೆ ಬೇರೆ ಕಡೆ ಕೇಳೋಕೆ ಆಗ ಇನ್ನೂ ಟೈಮಿರತ್ತೆ.

ಇಷ್ಟು ಮಾಡಿದ್ರೂ ಕೈ ಕೊಡತ್ತೆ. ನಮ್ಮ ಅತ್ತೆಯವರ ಕಾಲದಿಂದ ಬಂದ ಒಂದು ಮೊಗೆ ಇತ್ತು, ಸಿಪ್ಪೆ ಮೇಲೆ ಹಸಿರು ಪಟ್ಟೆ, ಬಾಳೆ ನಾರಲ್ಲಿ ಕಟ್ಟಿ ಮಾಡಿಗೆ ತೂಗು ಹಾಕಿದ್ರೆ ತಿಂಗಳುಗಟ್ಟಲೆ ಕೆಡ್ತಿರ್ಲಿಲ್ಲ. ಒಂದು ವರ್ಷ ಬಾಟ್ಲಿ ಮುಚ್ಚಳ ಸಡಿಲ ಇದ್ದದ್ದು ನೋಡ್ಲಿಲ್ಲ, ಮೇ ತಿಂಗಳಲ್ಲಿ ತೆಗೆದ್ರೆ ಎಲ್ಲಾ ಕಪ್ಪು. ಅತ್ತು ಬಿಟ್ಟೆ. ನಾಲ್ಕು ವರ್ಷದ ಹಿಂದೆ ಯಲ್ಲಾಪುರ ಕಡೆಯ ಒಬ್ಬರಿಗೆ ಹತ್ತು ಬೀಜ ಕೊಟ್ಟಿದ್ದು ನೆನಪಾಗಿ ಫೋನ್ ಮಾಡಿದ್ರೆ, 'ನಮ್ಮನೆ ಚಪ್ಪರದ ತುಂಬಾ ಅದೇ ಅಲ್ದಾ ಅತ್ತಿಗೇ' ಅಂದ್ರು, ಬಸ್ಸಲ್ಲಿ ಕಟ್ಟು ಕಳ್ಸಿದ್ರು. ಅದಕ್ಕೇ ಬಳಗದಲ್ಲಿ ಈಗ ಒಂದು ನಿಯಮ: ಯಾವ ಹಳೇ ತಳಿನೂ ಮೂರು ಮನೆಗಿಂತ ಕಮ್ಮಿ ಕಡೆ ಇರ್ಬಾರ್ದು. ಸಿರ್ಸಿಯ ವನಸ್ತ್ರೀ ಸಂಸ್ಥೆಯವರು ಮಲೆನಾಡಿನ ಹೆಂಗಸರ ಜೊತೆ ವರ್ಷಗಳಿಂದ ಇದೇ ಬೀಜ ಉಳಿಸೋ, ಹಂಚೋ ಕೆಲಸ ಮಾಡ್ತಾ ಬಂದಿದ್ದಾರೆ, ಅವರ ಮಲೆನಾಡ ಮೇಳಕ್ಕೆ ಹೋಗಿ ಬನ್ನಿ.

ನಾನೇ ತೆಗೆದ ಸೌತೆ ಬೀಜ ಹಾಕಿದ್ರೆ ಅರ್ಧ ಬೇರೆಯೇ ಕಾಯಿ ಬಂತು. ಯಾಕೆ?

ಪಕ್ಕದಲ್ಲಿ ಬೇರೆ ಸೌತೆ ಇತ್ತು, ಜೇನು ಅಲ್ಲಿಂದ ಇಲ್ಲಿಗೆ ಪರಾಗ ತಂತು. ಸೌತೆಗೆ ಹೀರೆ, ಹಾಗಲ ಬೆರೆಯಲ್ಲ, ಸೌತೆಗೆ ಸೌತೆಯೇ ಬೆರೆಯೋದು. ಅಲಸಂದೆ, ಬೀನ್ಸ್ ತಮ್ಮಷ್ಟಕ್ಕೆ ಪರಾಗ ಮಾಡ್ಕೊಳ್ಳೋದ್ರಿಂದ ಹೆದರಿಕೆ ಕಮ್ಮಿ. ಶುದ್ಧ ತಳಿ ಬೇಕಂದ್ರೆ ಮೇಲೆ ಹೇಳಿದ ಹಾಗೆ ಕೈಯಲ್ಲಿ ಪರಾಗ ಮಾಡಿ, ಹೂವನ್ನ ದಾರದಲ್ಲಿ ಕಟ್ಟಿ, ಆ ಕಾಯಿ ತೊಟ್ಟಿಗೆ ಕೆಂಪು ನೂಲು ಹಾಕಿ, ಅದನ್ನ ಬೀಜಕ್ಕೇ ಬಿಡಿ.

ತೋಟಕ್ಕೆ ಹೊಡೆಯೋ ಬೋರ್ಡೋ (ಕೊಳೆರೋಗದ ಔಷಧಿ) ಹಿತ್ಲಿಗೂ ಹೊಡೀಬಹುದಾ?

ಕಾಳುಮೆಣಸಿನ ಬಳ್ಳಿಗೆ ಹೊಡೀಬಹುದು. ಬಸಳೆ, ಹರಿವೆ ಥರ ಸೊಪ್ಪು ತಿನ್ನೋ ಗಿಡಕ್ಕೆ ಬೇಡ. 10 ಲೀಟರಿಗೆ 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನ ಸುಣ್ಣದ ನೀರಿಗೆ ಕದಡ್ತಾ ಹೊಯ್ಯಿರಿ. ಕಬ್ಬಿಣದ ಬ್ಲೇಡ್ ಒಂದು ನಿಮಿಷ ಅದ್ದಿ ತೆಗೀರಿ, ಕೆಂಪು ಬಣ್ಣ ಹತ್ತಿದ್ರೆ ತಾಮ್ರ ಜಾಸ್ತಿ, ಇನ್ನೂ ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಖಾಲಿ ಮಾಡಿ.

ಅಜ್ಜನ ಮನೆ ಹೊಳೆ ಬದಿಯ ಅಪ್ಪೆಮಿಡಿ (ಉಪ್ಪಿನಕಾಯಿ ಹಾಕೋ ಮಾವು) ಮರ ಬೀಳೋ ಹಾಗಿದೆ. ಅದೇ ಪರಿಮಳದ ಗಿಡ ಮಾಡ್ಬಹುದಾ?

ಮಾಡ್ಬಹುದು, ಆದ್ರೆ ಗೊರಟೆಯಿಂದ ಅಲ್ಲ, ಗೊರಟೆಯ ಗಿಡಕ್ಕೆ ಆ ಪರಿಮಳ ಬರತ್ತೆ ಅನ್ನೋ ಭರವಸೆ ಇಲ್ಲ. ಅನಂತಭಟ್ಟ, ಮಾಳಂಜಿ ಥರದ ತಳಿಗಳು ಮನೆಯಿಂದ ಮನೆಗೆ ಹೋಗಿದ್ದು ಕಸಿಯಿಂದ. ಮೇ ಜೂನಲ್ಲಿ ಯಾವುದೇ ಊರ ಮಾವಿನ ಗೊರಟೆ ಪ್ಯಾಕೆಟಲ್ಲಿ ಹಾಕಿ, ಕಾಂಡ ಇನ್ನೂ ಎಳೇದಿರೋವಾಗ ಕಸಿಗೆ ತಗೊಳ್ಳಿ. ಅಜ್ಜನ ಮರದಲ್ಲಿ ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ, ಕಡಿಯೋ ಎಂಟು ಹತ್ತು ದಿನ ಮೊದಲೇ ಅದರ ಎಲೆ ಎಲ್ಲಾ ಸವರಿ, ತೊಟ್ಟು ಮಾತ್ರ ಬಿಡಿ, ತುದಿ ಮೊಗ್ಗು ಉಬ್ಬತ್ತೆ. ಗೊರಟೆ ಗಿಡದ ತಲೆ ಕತ್ತರಿಸಿ ನಡುವೆ ಒಂದೂವರೆ ಇಂಚು ಸೀಳಿ, ಕೊಂಬೆಯ ಬುಡವನ್ನ ಎರಡು ಕಡೆಯಿಂದ ಬೆಣೆ ಥರ ಕೆತ್ತಿ ಕೂರಿಸಿ. ಎರಡರ ಸಿಪ್ಪೆ ಒಂದು ಬದೀಲಾದ್ರೂ ಸರಿಯಾಗಿ ಕೂಡ್ಬೇಕು. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ಪೆಪ್ಸಿ ಕೊಟ್ಟೆ ಥರದ ತೆಳು ಕವರ್ ಹಾಕಿ ನೆರಳಲ್ಲಿಡಿ. ಮೂರು ವಾರದೊಳಗೆ ಕೆಂಪು ಚಿಗುರು ಕವರಿಗೆ ತಾಗತ್ತೆ, ಆಗ ಕವರ್ ತೆಗೀರಿ, ಪಟ್ಟಿ ಇನ್ನೆರಡು ತಿಂಗಳು ಇರ್ಲಿ. ಹತ್ತು ಮಾಡಿದ್ರೆ ಎಲ್ಲಾ ಹತ್ತಲ್ಲ, ಅದಕ್ಕೇ ಇಪ್ಪತ್ತು ಮಾಡಿ. ಮರ ಇನ್ನೊಂದು ಮಳೆ ತಡೆಯತ್ತೋ ಇಲ್ವೋ ಅನ್ನೋ ಹಾಗಿದ್ರೆ ನಮಗೆ ಹೇಳಿ, ಕಸಿ ಗೊತ್ತಿರೋ ಇಬ್ಬರು ಚಾಕು, ಪಟ್ಟಿ ಹಿಡ್ಕೊಂಡು ನಿಮ್ಮ ಜೊತೆ ಹೊಳೆ ಬದಿಗೆ ಬರ್ತಾರೆ.